ಹನ್ನೆರಡು ತಿಂಗಳ ಗ್ರಾಂಟು, ತಾಂಡಾದ ಐದು ತಿಂಗಳು

ದೀಪಾವಳಿ ಆಗಿ ಎರಡು ವಾರ ಆಗಿತ್ತು. ಚಿಂಚೋಳಿ ಕಡಿ ಒಂದು ಲಂಬಾಣಿ ತಾಂಡಾದ ಸಮುದಾಯ ಭವನದಾಗ ನೀರು ಪರೀಕ್ಷಾ ಮಾಡೋ ಟ್ರೇನಿಂಗ್ ಇಟ್ಟಿದ್ವಿ. 40 ಹೆಸರು ಬರ್ಕೊಂಡಿದ್ವಿ, 40 ಮಂದಿಗೆ ಸುಸಲಾ ಮಾಡ್ಸಿದ್ವಿ, ಬಂದವ್ರು 11 ಮಂದಿ. ಹಾಜರಿ ಪಟ್ಟಿ ಹಿಡ್ಕೊಂಡು ಬಾಗಿಲದಾಗ ನಿಂತು ನಾನು ಹೆಸರು ಕೂಗ್ಲತ್ತಿದ್ದೆ, ಒಳಗಿಂದ ಒಂದು ಹುಡುಗಿ "ಪುಣೆ", "ಕಬ್ಬಿಗೆ", "ಬಾಂಬೆ", "ಕಬ್ಬಿಗೆ", "ಅವ್ರ ಮನಿಗೆ ಕೀಲಿ ಹಾಕ್ಯಾರ್ರೀ" ಅಂತ ಒಂದೊಂದಕ್ಕೂ ಉತ್ತರ ಕೊಡ್ತಿದ್ಲು. ಪಟ್ಟಿ ಮುಗಿಯೋದ್ರೊಳಗ ನನ್ನ ಕೈಕಾಲು ತಣ್ಣಗಾಗಿದ್ವು, ಯಾಕಂದ್ರ ಈ ಕೆಲಸಕ್ಕ ಗ್ರಾಂಟ್ ಕೇಳಿ ಪ್ರಪೋಸಲ್ ಬರ್ದಾಕಿ ನಾನೇ, ಅದ್ರಾಗಿನ ಟೈಮ್‌ಲೈನ್ ಹಾಕಿದಾಕಿನೂ ನಾನೇ.

ನಾನು ಕಲಬುರಗಿದಾಗ ಒಂದು ಸಣ್ಣ ಸಂಸ್ಥೆದಾಗ ಲೆಕ್ಕಪತ್ರ ಮತ್ತ ಪ್ರಪೋಸಲ್ ಬರಿಯೋ ಕೆಲಸ ನೋಡ್ಕೋತೀನಿ, ಒಂಬತ್ತು ವರ್ಷ ಆಯ್ತು. ಇದ್ರಾಗ ನನಗ ಮನಸ್ಸಿಗೆ ಹತ್ತಿರದ ಕೆಲಸ ಅಂದ್ರ ವಿದೇಶಕ್ಕ ಎಕ್ಸ್‌ಚೇಂಜ್ ಪ್ರೋಗ್ರಾಂಗೆ ಹೋಗಿ ಬಂದ ನಮ್ಮ ಭಾಗದ ಹುಡುಗ್ರು, ಮಾಸ್ತರ್ರು, ಟೀಚರ್‌ಗಳ ಜೋಡಿ ಸೇರಿ ಕೆಲಸ ಮಾಡೋದು. ಭಾಳ ಮಂದಿಗೆ ಇದು ಗೊತ್ತೇ ಇಲ್ಲ. ಅಮೆರಿಕ ಸರ್ಕಾರದ ಫುಲ್‌ಬ್ರೈಟ್ ಎಕ್ಸ್‌ಚೇಂಜ್ ಅಂದ್ರ ದೊಡ್ಡ ಪ್ರೊಫೆಸರ್‌ಗಳಿಗೆ ಅಷ್ಟ ಅಂತ ತಿಳ್ಕೊಂಡಿರ್ತಾರ. ಅದು 1946ರಾಗ ಸುರು ಆಗಿ 1950ರಾಗ ನಮ್ಮ ದೇಶಕ್ಕ ಬಂತು, ಆದ್ರ ನಾವು ನೋಡಿದಾಗ ಅದ್ರಾಗ ಹೈಸ್ಕೂಲ್ ಟೀಚರ್‌ಗಳಿಗೇ ಅಂತ ಆರು ವಾರದ ಪ್ರೋಗ್ರಾಂ ಇತ್ತು, ಫುಲ್‌ಬ್ರೈಟ್ ಬಿಟ್ಟು ಬ್ಯಾರೆದಾಗಿ, ಡಿಗ್ರಿಗಲ್ಲದೇ ಒಂದು ವರ್ಷ ಅಲ್ಲಿನ ಕಮ್ಯುನಿಟಿ ಕಾಲೇಜಿನ್ಯಾಗ ಕಲ್ತು ಬರೋ ಪ್ರೋಗ್ರಾಂನೂ ಇತ್ತು. ಹೋಗಿ ಬಂದವ್ರಿಗೆ ಅಲುಮ್ನಿ ಅಂತಾರ. ಈ ಅಲುಮ್ನಿಗಳು ತಮ್ಮ ಊರಾಗ ಏನರ ಕೆಲಸ ಮಾಡ್ತೀವಿ ಅಂದ್ರ ಅದಕ್ಕ ಸಣ್ಣ ಗ್ರಾಂಟ್ ಸಿಗ್ತದ. ಅಮೆರಿಕದ ವಿದೇಶಾಂಗ ಇಲಾಖೆದ್ದು ಎಇಐಎಫ್ (ಅಲುಮ್ನಿ ಎಂಗೇಜ್‌ಮೆಂಟ್ ಇನೋವೇಷನ್ ಫಂಡ್) ಅಂತ ಒಂದು 2011ರಾಗ ಸುರು ಆಯ್ತು, ಕಡಿಮಿ ಅಂದ್ರ ಇಬ್ಬರು ಅಲುಮ್ನಿ ಸೇರಿ ಅರ್ಜಿ ಹಾಕ್ಬೇಕಿತ್ತು, ನಾವು ನೋಡಿದ ವರ್ಷ 35 ಸಾವಿರ ಡಾಲರ್ ತನಕ ಕೇಳಬಹುದಿತ್ತು. ಇನ್ನೂ ಸಣ್ಣ ಸಣ್ಣವೂ ಅವ. ಇನ್ನೊಂದು ಮಾತು, ನಮಗ ಹೈದರಾಬಾದ್ ಹತ್ರ, ರೈಲು ಹತ್ತಿದ್ರ ಮಧ್ಯಾಹ್ನದ ಊಟಕ್ಕ ಅಲ್ಲಿರ್ತೀವಿ, ಆದ್ರ ಕರ್ನಾಟಕ ಅಮೆರಿಕದ ಚೆನ್ನೈ ಕಾನ್ಸುಲೇಟ್‌ಗೆ ಸೇರ್ತದ. ಹೈದರಾಬಾದ್‌ಗೆ ಮೇಲ್ ಹಾಕಿ ಕಾಯ್ಕೋತ ಕುಂತವ್ರನ್ನ ನಾನು ನೋಡೀನಿ.

ಇಂಥಾ ಗ್ರಾಂಟಿಗೆ ಅರ್ಜಿ ಹಾಕಾಕ ನಮ್ಮ ಹತ್ರ ಬಂದ ಇಬ್ಬರು ಅಲುಮ್ನಿ ಅಂದ್ರ ಒಬ್ರು ಸರ್ಕಾರಿ ಹೈಸ್ಕೂಲ್ ಮಾಸ್ತರ್ರು, ಇನ್ನೊಬ್ಬಾಕಿ ಒಂದು ವರ್ಷ ಹೊರಗ ಕಲ್ತು ಬಂದ ಕಲಬುರಗಿ ಸಿಟಿ ಹುಡುಗಿ. ಇಬ್ಬರಿಗೂ ನೀರಿನ ಮ್ಯಾಲ ಕೆಲಸ ಮಾಡೋ ಹುಚ್ಚು. ನಮ್ಮ ಜಿಲ್ಲೆದಾಗ ಕೆಲವು ಬೋರ್‌ವೆಲ್ ನೀರಿನ್ಯಾಗ ಫ್ಲೋರೈಡ್ ಜಾಸ್ತಿ ಅದ, ಹುಡುಗ್ರ ಹಲ್ಲಿನ ಮ್ಯಾಲ ಕಂದು ಗೀರು ಕಾಣ್ತಾವ, ಆ ಮಾಸ್ತರ್ರು ದಿನಾ ಅದನ್ನ ಕ್ಲಾಸಿನ್ಯಾಗ ನೋಡ್ತಿದ್ರು. ಮೊದಲ ಡ್ರಾಫ್ಟಿನ್ಯಾಗ ಒಂದು ಶುದ್ಧ ನೀರಿನ ಘಟಕ, ಹುಡುಗ್ರಿಗೆ ಬ್ಯಾಗು, ಬುಕ್ಕು, ಗೆದ್ದವ್ರಿಗೆ ಬಹುಮಾನ, ನಮ್ಮ ಆಫೀಸಿನ ಒಬ್ರಿಗೆ ಸಂಬಳ ಎಲ್ಲಾ ಹಾಕಿದ್ವಿ. ಅದ್ರಾಗ ಒಂದೂ ನಡಿಯಂಗಿಲ್ಲ. ಇಂಥಾ ಗ್ರಾಂಟಿನ ನಿಯಮದಾಗ ಸಂಬಳ, ಆಫೀಸ್ ಬಾಡಿಗಿ, ಕಟ್ಟಡ, ದೊಡ್ಡ ಮಷೀನು, ಸ್ಕಾಲರ್‌ಶಿಪ್ಪು, ಬಹುಮಾನ, ದಾನ ಧರ್ಮದಂಥ ಹಂಚೋ ಕೆಲಸ ಇವೆಲ್ಲಾ ಬ್ಯಾಡ ಅಂತ ಸ್ವಚ್ಛ ಬರ್ದಿರ್ತಾರ. ಮೊದಲು ನನಗ ಸಿಟ್ಟು ಬಂದಿತ್ತು, ನೀರು ಕೊಡಬ್ಯಾಡ ಅಂದ್ರ ಮತ್ತೇನು ಮಾಡಬೇಕು ಅಂತ. ಆಮ್ಯಾಲ ತಿಳೀತು, ಅಷ್ಟು ಸಣ್ಣ ರೊಕ್ಕದಾಗ ಘಟಕ ಕೂಡ್ಸಿದ್ರ ಎರಡನೇ ವರ್ಷ ಫಿಲ್ಟರ್ ಬದಲು ಮಾಡೋರು ಯಾರೂ ಇರಂಗಿಲ್ಲ, ಮಂದಿಗೆ ಕಲಿಸಿದ್ದು ಮಾತ್ರ ಅವರ ಹತ್ರ ಉಳಿತದ.

ರೊಕ್ಕದ ದಾರಿ ಇನ್ನೊಂದು ಕಥಿ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರ ಇಲ್ಲಿ ನಮಗ ಪೂರಾ ಒಂದು ವರ್ಷ ಹೋಯ್ತು. ಸಂಸ್ಥೆ ಹೊರದೇಶದ ರೊಕ್ಕ ತಗೋಬೇಕಂದ್ರ ಎಫ್‌ಸಿಆರ್‌ಎ, ಅಂದ್ರ ವಿದೇಶಿ ದೇಣಿಗಿ ಕಾಯ್ದೆದ ರಿಜಿಸ್ಟ್ರೇಷನ್ ಬೇಕು, ಇಲ್ಲಂದ್ರ ಆ ಒಂದು ಗ್ರಾಂಟಿನ ಸಲುವಾಗಿ ಕೇಂದ್ರ ಗೃಹ ಇಲಾಖೆಯಿಂದ ಮೊದಲೇ ಪರ್ಮಿಷನ್ ತಗೋಬೇಕು. ನಮ್ಮ ಸಂಸ್ಥೆಗೆ ರಿಜಿಸ್ಟ್ರೇಷನ್ ಇದ್ದಿಲ್ಲ. ನಾನೇನು ಪ್ಲಾನ್ ಹಾಕಿದೆ ಅಂದ್ರ ಬೆಂಗಳೂರಿನ ಒಂದು ಪರಿಚಯದ ಸಂಸ್ಥೆ ರೊಕ್ಕ ತಗೋತದ, ಅಲ್ಲಿಂದ ನಮ್ಮ ಅಕೌಂಟಿಗೆ ಹಾಕ್ತದ. 2020ರ ತಿದ್ದುಪಡಿ ಬಂದ ಮ್ಯಾಲ ಹಂಗ ಒಂದು ಸಂಸ್ಥೆ ತಗೊಂಡ ವಿದೇಶಿ ರೊಕ್ಕ ಇನ್ನೊಂದು ಸಂಸ್ಥೆಗೆ ಕೊಡೋದೇ ಬಂದ್ ಆಗ್ಯಾದ. ರೊಕ್ಕ ಮೊದಲು ದೆಹಲಿ ಎಸ್‌ಬಿಐ ಮುಖ್ಯ ಶಾಖೆಯ ಅಕೌಂಟಿಗೇ ಬರಬೇಕು, ಆಡಳಿತದ ಖರ್ಚು ನೂರಕ್ಕ 20ರ ಒಳಗ ಇರಬೇಕು, ಮೊದಲು 50 ಇತ್ತು. ಇವೆಲ್ಲಾ ಅರ್ಜಿ ಹಾಕಿದ ಮ್ಯಾಲ ನಮ್ಮ ಸಿಎ ಸಾಹೇಬ್ರು ಹೇಳಿದ್ರು. ಲೆಕ್ಕ ನೋಡೋ ಹೆಣ್ಮಗಳಾಗಿ ನನಗ ಮೊದಲೇ ಗೊತ್ತಿರಬೇಕಿತ್ತು. ಮಾಸ್ತರ್ರು ಒಂದು ಮಾತೂ ಅನ್ಲಿಲ್ಲ, "ಮುಂದಿನ ವರ್ಷ ಹಾಕೋಣ ತಗೋರಿ ಮೇಡಂ" ಅಂದ್ರು, ಅದು ನನಗ ಬೈದಿದ್ದಕ್ಕಿಂತ ಹೆಚ್ಚು ಹತ್ತಿತು. ಮುಂದಿನ ವರ್ಷ ರಿಜಿಸ್ಟ್ರೇಷನ್ ಇರೋ ಸಂಸ್ಥೆನೇ ಅರ್ಜಿದಾರ ಆಯ್ತು, ಬಿಲ್ಲು, ವೋಚರ್ ಎಲ್ಲಾ ಅವರ ಹೆಸರಿನ್ಯಾಗ, ನಾವು ಇಲ್ಲಿ ಓಡಾಡೋರು. ಒಂದು ಸಣ್ಣ ಗ್ರಾಂಟ್ ಸಿಕ್ತು.

ಹಂಗ ಸಿಕ್ಕ ಗ್ರಾಂಟೇ ಆ ಖಾಲಿ ಭವನದ ಮುಂದ ತಂದು ನಿಲ್ಸಿದ್ದು.

ಆವತ್ತು ಟ್ರೇನಿಂಗ್ ನಿಲ್ಸಿಬಿಟ್ವಿ. ಉಳಿದ ಸುಸಲಾ ಹುಡುಗ್ರಿಗೆ ಹಂಚಿ ಬೇವಿನ ಗಿಡದ ಕೆಳಗ ಕುಂತ್ವಿ. ಒಬ್ರು ವಯಸ್ಸಾದ ಹೆಣ್ಮಗಳು, ತಾಂಡಾದ ಹುಡುಗ್ರೆಲ್ಲ ಅವ್ರಿಗೆ ಯಾಡಿ ಯಾಡಿ (ಲಂಬಾಣಿದಾಗ ಅವ್ವ) ಅಂತಿದ್ರು, ನನ್ನ ಕೈಯಾಗಿನ ಹಾಳಿ ನೋಡಿ "ಏನವ್ವಾ ಬರ್ದಿದ್ದು ಅದ್ರಾಗ?" ಅಂದ್ರು. ಕೆಲಸದ ತಾರೀಖು ಅಂದೆ. "ಯಾವ ತಾರೀಖಿಗೆ ಯಾರು ಊರಾಗಿರ್ತಾರ ಅಂತ ನಮಗ ಕೇಳಬೇಕಿಲ್ಲೇನು?" ಅಂದ್ರು. ಹಿಂಬದಿ ಹಾಳಿಗೆ ಹನ್ನೆರಡು ಮನಿ ಗೀರಿದೆ, ಒಂದೊಂದು ತಿಂಗಳಕ್ಕ ಒಂದು. ಅವ್ರು ಹೇಳ್ಕೋತ ಹೋದ್ರು, ನಾನು ಬರ್ಕೋತ ಹೋದೆ.

ದೀಪಾವಳಿಗೆ ಹುಡುಗೇರು ದೀಪ ಹಿಡ್ಕೊಂಡು ಮನಿ ಮನಿಗೆ ಹೋಗಿ ಮೇರಾ ಹಾಡ್ತಾರ, ಅಲ್ಲೀ ತನಕ ಎಲ್ಲಾರೂ ಊರಾಗ ಇರ್ತಾರ. ಮೇರಾ ಮುಗೀತು, ಲಾರಿ ಬಂತು. ಕಬ್ಬು ಕಡಿಯೋರು ಹೋದ್ರು, ಕಟ್ಟಡದ ಕೆಲಸದವ್ರು ಹೋದ್ರು. ಉಳಿದವ್ರಿಗೆ ಡಿಸೆಂಬರ್, ಜನವರಿ ತೊಗರಿ ರಾಶಿ, ನಡುವ ಎಳ್ಳಮಾಸಿ. ಮಾರ್ಚಿಗೆ ಹುಡುಗ್ರ ಪರೀಕ್ಷಾ, ಹೋಳಿ, ಶರಣಬಸವೇಶ್ವರ ಜಾತ್ರಿ. ಏಪ್ರಿಲ್, ಮೇ ಕೇಳಲೇ ಬ್ಯಾಡ್ರಿ, ನಮ್ಮ ಕಡಿ ಸರ್ಕಾರಿ ಆಫೀಸೇ ಮುಂಜಾನೆ 8ಕ್ಕ ತೆಗೆದು ಮಧ್ಯಾಹ್ನ ಒಂದೂವರಿಗೆ ಮುಚ್ತಾವ, ಆ ಬಿಸಿಲಾಗ ತಗಡಿನ ಕೆಳಗ ಯಾರು ಕುಂತಾರು? ಮಳಿ ಬಿದ್ದ ಮ್ಯಾಲ ಹೋದವ್ರು ತಿರುಗಿ ಬರ್ತಾರ, ಬಿತ್ತನಿಗೆ. ಬಿತ್ತನಿ ಮುಗಿದ ಮ್ಯಾಲ ಜುಲೈಯಿಂದ ದೀಪಾವಳಿ ತನಕ, ನಡುನಡುವ ಕಸ ತೆಗಿಯೋ ದಿನ ಬಿಟ್ಟು, ಇಷ್ಟ. ಎಣಿಸಿದ್ರ ಐದು ತಿಂಗಳೂ ಪೂರಾ ಆಗಂಗಿಲ್ಲ. ನಮ್ಮ ಗ್ರಾಂಟ್ ಸುರು ಆಗಿದ್ದು ಅಕ್ಟೋಬರ್‌ದಾಗ. ನಾವು ನಾಲ್ಕೂ ಟ್ರೇನಿಂಗ್ ನವೆಂಬರ್‌ದಿಂದ ಫೆಬ್ರವರಿ ಒಳಗ ಹಾಕಿದ್ವಿ, ಮಂದಿ ಇಲ್ದಿರೋ ತಿಂಗಳಾಗೇ ಎಲ್ಲಾ!

ಆ ಹಾಳಿ ಇವತ್ತಿಗೂ ನನ್ನ ಫೈಲಿನ್ಯಾಗ ಅದ, ಒಂದು ಮೂಲಿಗೆ ಸುಸಲಾದ ಎಣ್ಣಿ ಕಲಿ ಬಿದ್ದದ. ಅದರದೇ ಫೋಟೋ ತೆಗೆದು ಗ್ರಾಂಟ್ ನೋಡೋ ಅಧಿಕಾರಿಗೆ ಮೇಲ್ ಮಾಡಿದ್ವಿ, ತಪ್ಪು ಮುಚ್ಚಿಡಲಿಲ್ಲ, ನಾವು ಕೇಳದೇ ತಾರೀಖು ಹಾಕಿದ್ವಿ ಅಂತ ಬರ್ದ್ವಿ. ರೊಕ್ಕ ಹೆಚ್ಚು ಕೇಳದೇ ಬರೇ ಟೈಮ್ ಮುಂದ ಹಾಕೋದಕ್ಕ ನೋ ಕಾಸ್ಟ್ ಎಕ್ಸ್‌ಟೆನ್ಷನ್ ಅಂತಾರ, ಅದು ಸಿಕ್ತು. ಇದನ್ನ ಹೇಳಾಕ ಬೇಕು, ಯಾಕಂದ್ರ ನಮ್ಮ ಮಂದಿ ಭಾಳ ಜನ ಅಂಜಿಕೊಂಡು ಖಾಲಿ ಕುರ್ಚಿಗೆ ಹಾಜರಿ ಹಾಕಿ ಬಿಲ್ ಹಚ್ಚಿಬಿಡ್ತಾರ. ಹಂಗ ಮಾಡ್ಬ್ಯಾಡ್ರಿ. ಟೈಮ್ ಮುಗಿಯೋಕಿಂತ ಮೊದಲು ಕಾರಣ ಸಮೇತ ಕೇಳಿದ್ರ ಕೇಳ್ತಾರ, ಮುಗಿದ ಮ್ಯಾಲ ಕೇಳಿದ್ರ ಯಾರ ಕೈಯಾಗೂ ಏನೂ ಇರಂಗಿಲ್ಲ.

ಜುಲೈದಾಗ ಮತ್ತ ಅದೇ ಭವನಕ್ಕ ಹೋದ್ವಿ. 40ರ ಪಟ್ಟಿಗೆ 52 ಮಂದಿ. ಮಾಸ್ತರ್ರು ಕಿಟ್ ತೆಗೆದು ಮೂರು ಗ್ಲಾಸ್ ಕೊಳವಿ ಇಟ್ರು, ಒಂದರಾಗ ಮಳಿ ನೀರು, ಒಂದರಾಗ ಬಾವಿ ನೀರು, ಒಂದರಾಗ ಶಾಲಿ ಮುಂದಿನ ಬೋರ್‌ವೆಲ್ ನೀರು. ಔಷಧದ ಹನಿ ಹಾಕಿದ್ರು. ಫ್ಲೋರೈಡ್ ಇಲ್ಲಂದ್ರ ಬಣ್ಣ ಗುಲಾಬಿ ಉಳಿತದ, ಹೆಚ್ಚಾದಂಗ ಹಳದಿಗೆ ತಿರುಗ್ತದ. ಮಳಿ ನೀರು ಗುಲಾಬಿನೇ ಉಳೀತು, ಬಾವಿದು ಸ್ವಲ್ಪ ಮಾಸಿತು, ಬೋರ್‌ವೆಲ್‌ದು ಕಣ್ಣ ಮುಂದ ಹಳದಿ ಆಯ್ತು. ಒಬ್ರೂ ಮಾತಾಡ್ಲಿಲ್ಲ. ಅದೇ ನೀರು ದಿನಾ ಬಿಂದಿಗೆದಾಗ ಹೊತ್ತವ್ರು ಅವ್ರು. ಒಂದು ಲೀಟರ್‌ದಾಗ 1 ಮಿಲಿಗ್ರಾಂ ತನಕ ಛಲೋ, ಬ್ಯಾರೆ ನೀರೇ ಇಲ್ಲಂದ್ರ 1.5 ತನಕ ನಡಿತದ, ಅದಕ್ಕೂ ಮ್ಯಾಲ ಹೋದ್ರ ಕುಡಿಬ್ಯಾಡ್ರಿ ಅಂತ ಮಾಸ್ತರ್ರು ಲಂಬಾಣಿ ಮಾತನ್ಯಾಗೇ ಹೇಳಿದ್ರು, ಮುರುಕು ಲಂಬಾಣಿ, ಆದ್ರೂ ಹೇಳಿದ್ರು. ಯಾಡಿ ಎದ್ದು ಆ ಹಳದಿ ಕೊಳವಿ ಕೈಯಾಗ ತಗೊಂಡು ಬಿಸಿಲಿಗೆ ಹಿಡಿದು ನೋಡಿದ್ರು. "ಅಡಗಿಗೂ ಇದೇ ಹಾಕೀನಲ್ಲಾ" ಅಂದ್ರು, ಅಷ್ಟ.

ಪ್ರಪೋಸಲ್ ವೇಳ್ಯಾದಾಗ ನಮಗ ಒಂದು ಪ್ರಶ್ನೆ ಬಂದಿತ್ತು, ಜಲ ಜೀವನ್ ಮಿಷನ್‌ದಾಗ ಪ್ರತಿ ಊರಿಗೆ ಐದು ಹೆಣ್ಮಕ್ಕಳಿಗೆ ಕಿಟ್ ಬಳಸೋದು ಕಲಿಸ್ತಾರಲ್ಲಾ, ನಿಮ್ಮದೇನು ಬ್ಯಾರೆ ಅಂತ. ಆಗ ಆಫೀಸಿನ್ಯಾಗ ಕುಂತು ಏನೋ ದೊಡ್ಡ ದೊಡ್ಡ ಶಬ್ದ ಬರ್ದು ಕಳ್ಸಿದ್ದೆ. ಖರೇ ಉತ್ತರ ಜುಲೈದಾಗ ಸಿಕ್ತು. ಕಲ್ತ ಐದು ಮಂದ್ಯಾಗ ಮೂವರು ಕಬ್ಬಿಗೆ ಹೋಗಿರ್ತಾರ, ಅವ್ರು ಹೋದಾಗ ಕಿಟ್ ಯಾರ ಮನ್ಯಾಗ ಅದ ಅಂತ ಯಾರಿಗೂ ಗೊತ್ತಿರಂಗಿಲ್ಲ. ಹೈಸ್ಕೂಲ್ ಹುಡುಗೇರು ಅಜ್ಜಿ ಜೋಡಿ ಊರಾಗೇ ಉಳಿತಾರ. ಹಂಗಾಗಿ ಆ ಹೆಣ್ಮಕ್ಕಳೇ ಹುಡುಗೇರಿಗೆ ಕಲಿಸೋದು, ಶಾಲಿ ಗೋಡಿ ಮ್ಯಾಲ ಎಲ್ಲಾ ಬೋರ್‌ವೆಲ್‌ದು ನಕ್ಷೆ ಬರಿಯೋದು, ತಿಂಗಳಿಗೊಮ್ಮೆ ಗುಲಾಬಿ ಇಲ್ಲಂದ್ರ ಹಳದಿ ಚುಕ್ಕಿ ಹಚ್ಚೋದು ಅಂತ ಮಾಡಿದ್ವಿ. ಬಣ್ಣದ ಡಬ್ಬಿಗೆ ಖರ್ಚಾಗಿದ್ದು ನಾನು ಮೊದಲು ಬ್ಯಾನರ್‌ಗೆ ಇಟ್ಟಿದ್ದಕ್ಕಿಂತ ಕಡಿಮಿ.

ಬಜೆಟ್ಟೂ ಹಿಂಗೇ ಬದಲಾಯ್ತು. ಸಿಟಿ ಹೋಟೆಲ್ ಹಾಲ್ ತೆಗೆದು ಆಟೋ ಬಾಡಿಗಿ ಹಾಕಿದ್ವಿ, ಊಟಕ್ಕ ತಾಂಡಾದ ಹೆಣ್ಮಕ್ಕಳ ಸಂಘದಿಂದಲೇ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ತರ್ಸಿದ್ವಿ. ಕಚ್ಚಾ ಚೀಟಿ ಆಡಿಟ್‌ದಾಗ ನಡಿಯಂಗಿಲ್ಲ ಅಂತ ಸಂಘಕ್ಕ ಒಂದು ಬಿಲ್ ಬುಕ್ ಮಾಡ್ಸಿ ಕೊಟ್ವಿ, 5 ಸಾವಿರ ದಾಟಿದ ರಸೀದಿಗೆ ರೆವಿನ್ಯೂ ಸ್ಟಾಂಪ್ ಹಚ್ಚೋದು ತೋರಿಸಿದ್ವಿ. ಆ ಬಿಲ್ ಬುಕ್ ಹಿಡ್ಕೊಂಡೇ ಅವ್ರು ಆಮ್ಯಾಲ ಇನ್ನೊಂದು ಕಡಿ ಊಟದ ಆರ್ಡರ್ ತಗೊಂಡ್ರು ಅಂತ ಕೇಳಿ ನನಗ ಭಾಳ ಖುಷಿ ಆಯ್ತು, ಅದು ಯಾವ ರಿಪೋರ್ಟಿನ್ಯಾಗೂ ಬರ್ಲಿಲ್ಲ.

ಈಗ ಯಾರರ ಅಲುಮ್ನಿ ನಮ್ಮ ಆಫೀಸಿಗೆ ಬಂದ್ರ ಲ್ಯಾಪ್‌ಟಾಪ್ ತೆಗಿಯೋಕಿಂತ ಮೊದಲು ಅವರ ಮುಂದ ಹನ್ನೆರಡು ಮನಿ ಗೀರಿದ ಹಾಳಿ ಇಡ್ತೀನಿ, ಮೊದಲು ಊರಿಗೆ ಹೋಗಿ ಇದನ್ನ ತುಂಬಿಸ್ಕೊಂಡು ಬರ್ರಿ ಅಂತೀನಿ. ಹೋದ ವಾರ ಯಾದಗಿರಿ ಕಡಿ ಒಬ್ಬಾಕಿ ಬಂದಿದ್ಲು, ಜಪಾನಿಗೆ ಹೋಗಿ ಬಂದಾಕಿ, ಹುಡುಗೇರಿಗೆ ಸೈಕಲ್ ರಿಪೇರಿ ಕಲಿಸ್ಬೇಕು ಅಂತ ಆಸೆ. ಹಾಳಿ ತಗೊಂಡು ಹೋದ್ಲು. ನಿನ್ನೆ ಸಂಜಿಗೆ ಫೋಟೋ ಕಳ್ಸಿದ್ಲು, ಎಲ್ಲಾ ಮನಿ ತುಂಬ್ಯಾವ, ಆಷಾಢದ ಮನ್ಯಾಗ ಬ್ಯಾರೆ ಯಾರದೋ ಅಕ್ಷರದಾಗ "ಸೀತ್ಲಾ ಹಬ್ಬ, ಆ ದಿನ ಯಾರೂ ಬರಂಗಿಲ್ಲ" ಅಂತ ಬರ್ದದ. ನನ್ನ ಹಳೇ ಹಾಳಿನ್ಯಾಗ ಅದು ಇದ್ದಿಲ್ಲ. ಫೈಲ್ ತೆಗೆದು ಅಲ್ಲೂ ಬರ್ಕೊಂಡೆ.