ಚಿಲ್ಲರೆ ಎಲ್ಲಿಗೂ ಹೋಗಿರ್ಲಿಲ್ಲ, ನಿಂತಲ್ಲೇ ನಿಂತಿತ್ತು

2020ರ ಕೋವಿಡ್ ಹೊತ್ತಲ್ಲಿ ಅಮೆರಿಕಾದಲ್ಲಿ ಏನೇನ್ ಸಿಗ್ತಿರ್ಲಿಲ್ಲ ಅಂತ ಕೇಳಿದ್ರೆ ಎಲ್ರೂ ಟಾಯ್ಲೆಟ್ ಪೇಪರ್ ಅಂತಾರೆ, ಸ್ಯಾನಿಟೈಸರ್ ಅಂತಾರೆ, ಸ್ವಲ್ಪ ಅಡುಗೆ ಹುಚ್ಚಿರೋರು ಈಸ್ಟ್ ಅಂತಾರೆ. ಚಿಲ್ಲರೆ ಕಾಸು ಅಂತ ಹೇಳೋರು ಕಮ್ಮಿ. ಆದ್ರೆ ಆ ಬೇಸಿಗೇಲಿ ನಮ್ಮನೆಯವರನ್ನ ನಿಜವಾಗ್ಲೂ ಸತಾಯಿಸಿದ್ದು ಅದೇ, ಯಾಕಂದ್ರೆ ನಾವಿದ್ದ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿದ್ದ ವಾಷಿಂಗ್ ಮಷೀನ್ ಕ್ವಾರ್ಟರ್, ಅಂದ್ರೆ 25 ಸೆಂಟಿನ ನಾಣ್ಯ, ಬಿಟ್ಟು ಬೇರೇನೂ ಮುಟ್ತಿರ್ಲಿಲ್ಲ. ಕಾರ್ಡ್ ಇಲ್ಲ, ಆಪ್ ಇಲ್ಲ, ನೋಟು ಇಲ್ಲ. ಸಾಲಾಗಿ ಸೀಳು ಇರೋ ಒಂದು ಕಬ್ಬಿಣದ ಪಟ್ಟಿ, ಅದರಲ್ಲಿ ಒಂದೊಂದೇ ಕ್ವಾರ್ಟರ್ ನಿಲ್ಲಿಸಿ ಅಂಗೈ ಕೊಟ್ಟು ಒಳಗೆ ತಳ್ಳಬೇಕು, ಒಂದು ಸೀಳು ಖಾಲಿ ಇದ್ರೂ ಪಟ್ಟಿ ಅರ್ಧಕ್ಕೇ ಸಿಕ್ಕಾಕೊಂಡು ನಿಲ್ಲತ್ತೆ. ಒಗೆಯೋಕ್ಕೆ ಆರು, ಒಣಗಿಸೋಕ್ಕೆ ಐದು. ಡೈಮು (10 ಸೆಂಟ್) ನಿಕ್ಕಲ್ಲು (5 ಸೆಂಟ್) ಪೆನ್ನಿ (1 ಸೆಂಟ್) ಎಷ್ಟು ರಾಶಿ ಇದ್ರೂ ಪ್ರಯೋಜನ ಇಲ್ಲ.

ಜೂನ್ ಕೊನೆ ಹೊತ್ತಿಗೆ ಅಂಗಡಿ ಬಾಗಿಲುಗಳ ಮೇಲೆ ಒಂದೇ ಥರದ ಚೀಟಿ ಅಂಟಿಸೋಕ್ಕೆ ಶುರು ಮಾಡಿದ್ರು, ನಾಣ್ಯದ ಕೊರತೆ ಇದೆ, ದಯವಿಟ್ಟು ಕಾರ್ಡ್ ಬಳಸಿ ಇಲ್ಲಾ ಸರಿಯಾಗಿ ಚಿಲ್ಲರೆ ಕೊಡಿ ಅಂತ. ಬ್ಯಾಂಕಲ್ಲಂತೂ ಒಳಗೇ ಬಿಡ್ತಿರ್ಲಿಲ್ಲ, ಕಾರಲ್ಲೇ ಕೂತು ಕಿಟಕಿ ಹತ್ರ ಹೋಗಿ ಕೇಳ್ಬೇಕು, ಕೇಳಿದ್ರೆ ಖಾತೆ ಇರೋರಿಗೆ ಮಾತ್ರ ಒಂದು ರೋಲು, ಅಂದ್ರೆ 40 ಕ್ವಾರ್ಟರ್, 10 ಡಾಲರ್, ಅದೂ ಇದ್ರೆ. ಊರಿಗೆ ಫೋನ್ ಮಾಡಿದಾಗ ಅಮ್ಮಂಗೆ ಇದನ್ನ ಹೇಳಿದ್ರೆ "ಅಲ್ಲೂ ಚಿಲ್ಲರೆ ಕಾಟನೇನೋ, ಮತ್ತೆ ಚಾಕ್ಲೇಟ್ ಕೊಡಲ್ವಾ?" ಅಂತ ನಕ್ಕಿದ್ದೇ ನಕ್ಕಿದ್ದು. ಕೊಡಲ್ಲಮ್ಮ. ಬಸ್ ಕಂಡಕ್ಟರ್ ಥರ ಟಿಕೆಟ್ ಹಿಂದೆ ಬರೆದೂ ಕೊಡಲ್ಲ.

ನನಗೆ ಮೊದಲು ಅನ್ಸಿದ್ದು ಟಂಕಸಾಲೆ ಮುಚ್ಚಿರ್ಬೇಕು ಅಂತ. ಅದು ಸ್ವಲ್ಪ ನಿಜಾನೇ, ಕೆಲಸಗಾರರ ಆರೋಗ್ಯ ನೋಡ್ಕೊಂಡು ಯು.ಎಸ್. ಮಿಂಟ್‌ನವರು ಆ ವಸಂತದಲ್ಲಿ ಕೆಲಸ ಇಳಿಸಿದ್ರು. ಆದ್ರೆ ವಿಷಯ ಅದಲ್ಲ. ಮಿಂಟ್‌ನವರೇ ಹೇಳಿದ ಲೆಕ್ಕ ಒಂದಿದೆ: 2019ರಲ್ಲಿ ಚಲಾವಣೆಗೆ ಬಂದ ನಾಣ್ಯಗಳಲ್ಲಿ ಶೇಕಡಾ 83ರಷ್ಟು ಹಳೇವೇ, ಅಂದ್ರೆ ಜನ ಖರ್ಚು ಮಾಡಿದ್ದು, ಬ್ಯಾಂಕಿಗೆ ಕಟ್ಟಿದ್ದು, ಎಣಿಸೋ ಮಷೀನಿಗೆ ಸುರಿದಿದ್ದು. ಹೊಸದಾಗಿ ಅಚ್ಚಾಗಿ ಬರೋದು ಬರೀ 17. ಅಂದ್ರೆ ಅಷ್ಟು ದೊಡ್ಡ ದೇಶದ ಚಿಲ್ಲರೆ ವ್ಯವಹಾರ ನಡೀತಿದ್ದಿದ್ದು ಒಬ್ಬರ ಜೇಬಿಂದ ಇನ್ನೊಬ್ಬರ ಜೇಬಿಗೆ ಅದೇ ಕಾಸು ಸುತ್ತೋದ್ರಿಂದ. ಕೋವಿಡಲ್ಲಿ ನೋಡಿದ್ರೆ ಬ್ಯಾಂಕ್ ಲಾಬಿ ಮುಚ್ಚಿದೆ, ಲಾಂಡ್ರಿ ಅಂಗಡಿಗೆ ಜನ ಬರ್ತಿಲ್ಲ, ಎಷ್ಟೋ ಊರಲ್ಲಿ ಡ್ರೈವರ್ ಹತ್ರ ಯಾರೂ ಬರ್ಬಾರ್ದು ಅಂತ ಬಸ್ಸಲ್ಲಿ ದುಡ್ಡೇ ತಗೋತಿಲ್ಲ, ಪಾರ್ಕಿಂಗ್ ಮೀಟರಿಗೆ ಹಾಕೋರಿಲ್ಲ. ಎಲ್ಲಿಂದ ಬರತ್ತೆ ಚಿಲ್ಲರೆ?

ಜೂನ್ 15ರಿಂದ ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ (ಫೆಡ್), ಉಳಿದ ಬ್ಯಾಂಕುಗಳಿಗೆ ನಾಣ್ಯವನ್ನ ರೇಷನ್ ಥರ ಹಂಚೋಕ್ಕೆ ಶುರು ಮಾಡ್ತು, ಹಿಂದೆ ಎಷ್ಟು ತಗೋತಿದ್ರಿ, ಮಿಂಟಿಂದ ಈಗ ಎಷ್ಟು ಬರ್ತಿದೆ ಅಂತ ನೋಡಿ ಅಷ್ಟಕ್ಕೆ ಕತ್ತರಿ. ಎರಡು ದಿನ ಕಳೆದು ಜೂನ್ 17ಕ್ಕೆ ಸಂಸತ್ತಿನ ಸಮಿತಿ ಮುಂದೆ ಟೆನೆಸ್ಸಿಯ ಜಾನ್ ರೋಸ್ ಅನ್ನೋ ಸದಸ್ಯರು ನಮ್ಮ ಕಡೆ ಬ್ಯಾಂಕಲ್ಲಿ ನಾಣ್ಯ ಇಲ್ಲ ಅಂತಿದಾರಲ್ಲ ಏನ್ ಕತೆ ಅಂತ ಕೇಳಿದ್ದಕ್ಕೆ ಆಗಿನ ಫೆಡ್ ಅಧ್ಯಕ್ಷ ಜೆರೋಮ್ ಪೊವೆಲ್, ನಾಣ್ಯದ ಓಡಾಟನೇ ಹೆಚ್ಚು ಕಮ್ಮಿ ನಿಂತು ಹೋಗಿದೆ ಅನ್ನೋ ಅರ್ಥದ ಉತ್ತರ ಕೊಟ್ರು. ಲಕ್ಷ ಕೋಟಿ ಡಾಲರ್ ಲೆಕ್ಕದಲ್ಲಿ ಮಾತಾಡೋ ಮನುಷ್ಯ ಕೂತ್ಕೊಂಡು ಚಿಲ್ಲರೆ ಕಾಸಿನ ಸಮಜಾಯಿಷಿ ಕೊಟ್ಟಿದ್ದು ನೋಡಿ ನನಗಂತೂ ಮಜಾ ಅನ್ನಿಸ್ತು.

ಹಾಗಂತ ಕಾಸು ಕಮ್ಮಿ ಆಗಿತ್ತಾ? ಇಲ್ಲ ರೀ. 2020ರ ಏಪ್ರಿಲಲ್ಲಿ ಚಲಾವಣೆಯಲ್ಲಿದ್ದ ನಾಣ್ಯದ ಒಟ್ಟು ಮೌಲ್ಯ 4,780 ಕೋಟಿ ಡಾಲರ್ ಅಂತ ಸರ್ಕಾರದ ಅಂದಾಜು, ಅದರ ಹಿಂದಿನ ವರ್ಷ ಇದೇ ಹೊತ್ತಿಗೆ 4,740 ಕೋಟಿ. ಇದ್ದಿದ್ದು ಹೆಚ್ಚೇ! 33 ಕೋಟಿ ಜನಕ್ಕೆ ಹಂಚಿದ್ರೆ ಮಗು ಮುದುಕರು ಸೇರಿ ತಲೆಗೆ ಸುಮಾರು 145 ಡಾಲರಿನ ಚಿಲ್ಲರೆ. ಎಲ್ಲಿತ್ತು ಅಂದ್ರೆ ಡಬ್ಬೀಲಿ, ಕಾರಿನ ಕಪ್ ಹೋಲ್ಡರಲ್ಲಿ, ಸೋಫಾ ಸಂದೀಲಿ, ಮುಚ್ಚಿದ ಅಂಗಡಿ ಗಲ್ಲಾದಲ್ಲಿ. ಸರ್ಕಾರ ಬೇಕಂತಲೇ ಕ್ಯಾಶ್ ಇಲ್ದಂಗೆ ಮಾಡ್ತಿದೆ ಅಂತ ವಾಟ್ಸಾಪಲ್ಲಿ ಓಡಾಡಿದ್ದಕ್ಕೆಲ್ಲ ಇಷ್ಟು ಉತ್ತರ ಸಾಕು.

ನನ್ನ ತಕರಾರು ಬೇರೆ. ಜನ ಡಬ್ಬೀಲಿ ತುಂಬಿಟ್ಕೊಂಡಿದಾರೆ, ಹೊರಗೆ ತೆಗೀರಿ ಅಂತ ಮಿಂಟ್‌ನವರು ಜುಲೈಯಲ್ಲಿ ಕೇಳ್ಕೊಂಡ್ರು, ಫೆಡ್‌ನವರು ಒಂದು ಕಾಯಿನ್ ಟಾಸ್ಕ್ ಫೋರ್ಸ್ ಮಾಡಿದ್ರು, ಎಲ್ಲ ಸರಿ, ಆದ್ರೆ ವಾಪಸ್ ಕೊಡೋದು ಎಷ್ಟು ತಲೆನೋವು ಅಂತ ಯಾರಾದ್ರೂ ಮಾಡಿ ನೋಡಿದಾರಾ? ಸೂಪರ್‌ಮಾರ್ಕೆಟ್ ಮೂಲೇಲಿರೋ ಎಣಿಸೋ ಮಷೀನ್ ಕ್ಯಾಶ್ ಬೇಕಂದ್ರೆ ನೂರಕ್ಕೆ ಹನ್ನೆರಡು ಡಾಲರಿನ ಆಸುಪಾಸು ತಾನೇ ಇಟ್ಕೊಳತ್ತೆ. ಎಷ್ಟೋ ಬ್ಯಾಂಕಿನವರು ಎಣಿಸೋ ಮಷೀನ್ ಇಟ್ಟಿರೋದೇ ಇಲ್ಲ, ಕಾಗದದ ಕೊಳವೆ ಕೊಟ್ಟು ನೀವೇ ಸುತ್ಕೊಂಡು ಬನ್ನಿ ಅಂತಾರೆ. ಒಂದು ಸಂಜೆ ಕೂತು ಸುತ್ತಿ ನೋಡಿ. ಕೊಳವೆ ಒಂದು ಬದಿ ಮಡಚಿ ಬೆರಳು ಒತ್ತಿ ಹಿಡ್ಕೊಂಡು ಒಂದೊಂದೇ ಬಿಡ್ತಾ ಹೋಗ್ಬೇಕು, ನಡುವೆ ಒಂದು ವಾಲಿದ್ರೆ ಕಾಗದ ಹರಿಯತ್ತೆ, ಎಲ್ಲ ಟೇಬಲ್ ಕೆಳಗೆ. ಕೈಯೆಲ್ಲ ಕರ್ರಗೆ ಆಗಿ ತಾಮ್ರದ ವಾಸನೆ. ಇಷ್ಟು ಮಾಡಿ 50 ಪೆನ್ನಿ ಸುತ್ತಿದ್ರೆ ಸಿಗೋದು ಅರ್ಧ ಡಾಲರ್. ಚಿಲ್ಲರೆ ನಮ್ಮ ಕೈಗೆ ಬರೋಕ್ಕೆ ನೂರು ದಾರಿ, ಹಿಂದಕ್ಕೆ ಹೋಗೋಕ್ಕೆ ಸಲೀಸಾದ ದಾರಿ ಒಂದೂ ಇಲ್ಲ, ಇದು ಕೋವಿಡ್‌ಗೂ ಮುಂಚೆಯಿಂದ ಇದ್ದಿದ್ದೇ, ಕೋವಿಡ್ ಬಂದಾಗ ಎಲ್ರಿಗೂ ಕಾಣಿಸ್ತು ಅಷ್ಟೇ.

ವಿಸ್ಕಾನ್ಸಿನ್‌ನ ಒಂದು ಸಣ್ಣ ಬ್ಯಾಂಕು ಇದನ್ನ ಸರಿಯಾಗಿ ಅರ್ಥ ಮಾಡ್ಕೊಂಡಿತ್ತು. 100 ಡಾಲರಿನ ಚಿಲ್ಲರೆ ತಂದ್ರೆ ಮೇಲೆ 5 ಡಾಲರ್ ಬೋನಸ್ ಅಂದ್ರು, ಜನ ತಂದು ಸುರಿದ್ರು. ಬೇಡಿಕೊಳ್ಳೋದಕ್ಕಿಂತ ಇದು ವಾಸಿ.

ಮಿಂಟ್‌ನವರ ದಾರಿ ಇನ್ನೊಂದು, ಹೊಡಿ ಅಚ್ಚು. ಹಿಂದಿನ ವರ್ಷ ತಿಂಗಳಿಗೆ 100 ಕೋಟಿ ಆಸುಪಾಸು ಮಾಡ್ತಿದ್ದೋರು ಜೂನಲ್ಲಿ 160 ಕೋಟಿ ಮಾಡಿದ್ರು, ವರ್ಷ ಮುಗಿಯೋ ಹೊತ್ತಿಗೆ 1,480 ಕೋಟಿ ನಾಣ್ಯ. ಅದರಲ್ಲಿ ಹೆಚ್ಚು ಕಮ್ಮಿ ಅರ್ಧ ಪೆನ್ನಿ, ಒಂದು ಪೆನ್ನಿ ಮಾಡೋಕ್ಕೆ ಆ ವರ್ಷ ತಗಲ್ತಿದ್ದ ಖರ್ಚು 1.76 ಸೆಂಟ್. ಅಂದ್ರೆ ಡಬ್ಬೀಲಿ ಹಳೇ ಪೆನ್ನಿ ಕೂತಿದೆ ಅಂತ ನಷ್ಟ ಮಾಡ್ಕೊಂಡು ಹೊಸ ಪೆನ್ನಿ ಮಾಡಿ ಅದನ್ನೂ ಡಬ್ಬಿಗೆ ಕಳಿಸಿದ್ರು!

ಇದರಲ್ಲಿ ನಿಜವಾಗಿ ಪೆಟ್ಟು ಬಿದ್ದಿದ್ದು ನಮ್ಮಂಥೋರಿಗೆ ಅಲ್ಲ. ನಮಗೆ ಬಟ್ಟೆ ಒಗೆಯೋದು ತಡ ಆಯ್ತು, ಬಾತ್‌ಟಬ್ಬಲ್ಲಿ ಜೀನ್ಸ್ ತುಳಿದ್ವಿ, ಕತೆ ಮುಗೀತು. ಆದ್ರೆ ಅಮೆರಿಕಾದಲ್ಲಿ ಬ್ಯಾಂಕ್ ಖಾತೆನೇ ಇಲ್ಲದ ಮನೆಗಳು ಬ್ಯಾಂಕ್ ಠೇವಣಿಗೆ ವಿಮೆ ಕೊಡೋ ಸರ್ಕಾರಿ ಸಂಸ್ಥೆ ಎಫ್‌ಡಿಐಸಿಯ 2019ರ ಸಮೀಕ್ಷೆ ಪ್ರಕಾರ 71 ಲಕ್ಷ. ಅವರಿಗೆ ಕಾರ್ಡ್ ಬಳಸಿ ಅಂತ ಚೀಟಿ ಅಂಟಿಸಿದ್ರೆ ಏನ್ ಮಾಡ್ಬೇಕು? ಕ್ರೋಗರ್ ಥರದ ದೊಡ್ಡ ದಿನಸಿ ಅಂಗಡಿಯವರು ಬಾಕಿ ಚಿಲ್ಲರೆನ ಲಾಯಲ್ಟಿ ಕಾರ್ಡಿಗೆ ಹಾಕ್ತೀವಿ ಇಲ್ಲಾ ದಾನಕ್ಕೆ ಕೊಡಿ ಅಂದ್ರು. ದಾನ ಒಳ್ಳೇದೇ, ಆದ್ರೆ ಕಾಸು ಎಣಿಸಿ ಹಾಲು ಬ್ರೆಡ್ ತಗೋಳೋನ ಹತ್ರ ಹಿಂದೆ ಕ್ಯೂ ನಿಲ್ಲಿಸ್ಕೊಂಡು 60 ಸೆಂಟ್ ದಾನ ಕೇಳೋದು ಯಾವ ನ್ಯಾಯ. ನಮ್ಮ ಬಿಲ್ಡಿಂಗಲ್ಲೇ ಒಬ್ಬರು ವಯಸ್ಸಾದ ಹೆಂಗಸು, ಎಲ್ಲಾನೂ ಕ್ಯಾಶಲ್ಲೇ, ಹೋದಲ್ಲೆಲ್ಲ ಸರಿಯಾಗಿ ಕೊಡೋಕ್ಕೆ ಅಂತ ಒಂದು ಜಿಪ್ ಕವರಲ್ಲಿ ಎಲ್ಲ ಥರದ ನಾಣ್ಯ ಇಟ್ಕೊಂಡು ಓಡಾಡ್ತಿದ್ರು, ಕ್ವಾರ್ಟರ್ ಇದ್ರೆ ಕೊಡ್ತೀರಾ ಅಂತ ನಾನು ಕೇಳಿದಾಗ ಕವರ್ ಹಿಂದಕ್ಕೆ ಎಳ್ಕೊಂಡ್ರು. ಸರಿಯಾಗೇ ಮಾಡಿದ್ರು ಬಿಡಿ.

ಪೆನ್ನಿ ಕತೆ ಈಗ ಮುಗಿದಿದೆ, 2025ರ ನವೆಂಬರ್ 12ಕ್ಕೆ ಫಿಲಡೆಲ್ಫಿಯಾದಲ್ಲಿ ಚಲಾವಣೆಗೆ ಅಂತ ಕೊನೇ ಪೆನ್ನಿ ಅಚ್ಚು ಹಾಕಿದ್ರು. ಅಷ್ಟು ಹೊತ್ತಿಗೆ ಒಂದಕ್ಕೆ ಮೂರೂವರೆ ಸೆಂಟ್ ಮೇಲೇ ಖರ್ಚಾಗ್ತಿತ್ತು, ನಿಲ್ಲಿಸಿದ್ದಕ್ಕೆ ನನಗೇನೂ ಬೇಜಾರಿಲ್ಲ. ಆದ್ರೆ ನಿಲ್ಲಿಸೋವಾಗ ಬಿಲ್ಲನ್ನ ಮೇಲಕ್ಕೆ ರೌಂಡ್ ಮಾಡ್ಬೇಕಾ ಕೆಳಕ್ಕಾ ಅಂತ ಇಡೀ ದೇಶಕ್ಕೆ ಒಂದು ರೂಲ್ ಮಾಡಿರ್ಲಿಲ್ಲ, ಕೆಲವು ಅಂಗಡಿಯವರು ಗಿರಾಕಿಗೆ ನಷ್ಟ ಆಗದೇ ಇರ್ಲಿ ಅಂತ ತಾವೇ ಇಳಿಸಿದ್ರು, ಉಳಿದೋರು ಮತ್ತೆ ಸರಿಯಾಗಿ ಚಿಲ್ಲರೆ ಕೊಡಿ ಅಂತ ಚೀಟಿ ಬರೆದ್ರು. ಕಾರ್ಡ್ ಉಜ್ಜೋರಿಗೆ ಈಗಲೂ ಸೆಂಟ್ ಲೆಕ್ಕಕ್ಕೇ ಕಟ್ ಆಗತ್ತೆ, ಈ ರೌಂಡಿಂಗ್ ರಗಳೆ ಎಲ್ಲ ಕ್ಯಾಶ್ ಕೊಡೋರಿಗೆ ಮಾತ್ರ.