ಹೊಳೆ ಕೊನೆಗೂ ಒಟ್ಟಿಗೇ ಬತ್ತಿತು

ನಾನು ಆಡಿಸ್ತಿರೋ ಮುಖವಾಡದ ನಾಟಕದ ತಾಲೀಮಿನ ಸುದ್ದಿ ಇದು. ಮುಖವಾಡ ಒಣಗಿವೆ, ಬಣ್ಣ ಆಗಿದೆ, ಮಾತು ಬಾಯಿಪಾಠವೂ ಆಗಿದೆ.  ಮೂರು ವಾರ ನನ್ನ ತಲೆ ತಿಂದಿದ್ದು ಒಂದೇ ಒಂದು ಸಾಲು: ‘ಹೊಳೆ ಬತ್ತಿತು, ಯಾರೂ ಕೇಳಲಿಲ್ಲ.’

ಮೇಳದ 16 ಹುಡುಗ ಹುಡುಗಿಯರು ಒಂದೇ ದನಿಯಲ್ಲಿ ಹೇಳಬೇಕು. ‘ಹೊಳೆ’ ಚೆನ್ನಾಗೇ ಬರುತ್ತಿತ್ತು. ‘ಬತ್ತಿತು’ ಮಾತ್ರ ಹದಿನಾರು ಚೂರು. ಹಿಂದಿನ ಸಾಲಿನವನೊಬ್ಬ ಮುಖವಾಡದೊಳಗಿಂದಲೇ ಹೇಳಿದ: “ಅಕ್ಕಾ, ಹೊಳೆ ಬತ್ತಲಿಲ್ಲ, ತೊದಲ್ತು.”

ಚಪ್ಪಾಳೆ ತಟ್ಟಿ ತಾಳ ಹಿಡಿಸಿದೆ. ಮಗ್ಗಿ ಒಪ್ಪಿಸಿದ ಹಾಗಾಯ್ತು. ಒಬ್ಬಳನ್ನು ಮುಂದಾಳು ಮಾಡಿದೆ. ಅವಳು ಹೇಳೋದು, ಉಳಿದವರು ಪ್ರತಿಧ್ವನಿ ಕೊಡೋದು. (ಪ್ರಾಚೀನ ಗ್ರೀಕ್ ನಾಟಕದ ಮೇಳದಲ್ಲಿ 12 ಜನ ಇದ್ದದ್ದನ್ನು 15 ಮಾಡಿದವನು ನಾಟಕಕಾರ ಸೊಫೊಕ್ಲಿಸ್ ಅಂತ ಹೇಳ್ತಾರೆ. ಅಲ್ಲಿಗೇ ನಿಲ್ಲಿಸಿದ್ದು ಯಾಕೆ ಅಂತ ಈಗ ಅರ್ಥ ಆಗ್ತಿದೆ.) ರಂಗದ ಈ ತುದಿಯಿಂದ ಆ ತುದಿಗೆ 10 ಮೀಟರ್. ಅಷ್ಟು ದೂರ ಹೋಗೋಕೆ ಶಬ್ದಕ್ಕೆ ಸುಮಾರು 30 ಮಿಲಿಸೆಕೆಂಡ್ ಬೇಕು. ಸರಿ, ಎಲ್ಲರನ್ನೂ ಗುಂಪಾಗಿ ಒತ್ತಿ ನಿಲ್ಲಿಸಿದೆ. ಸ್ವಲ್ಪ ಸುಧಾರಿಸಿತು. ‘ತ್ತಿ’ ಮಾತ್ರ ಜಗ್ಗಲಿಲ್ಲ.

ಈ ಮಧ್ಯೆ ಮುಖವಾಡ ಕಟ್ಟೋ ಎಲಾಸ್ಟಿಕ್ಕಿನ ಪುರಾಣ. ಕೇಳಿದ್ದು 12 ಮಿಮೀ ಕಪ್ಪು, ಬಂದದ್ದು 6 ಮಿಮೀ ಬಿಳಿ. ಕಳಿಸಿದವರಿಗೆ ಫೋನ್ ಮಾಡಿದರೆ “ಮುಖವಾಡದ ಹಿಂದೆ ಯಾರು ನೋಡ್ತಾರೆ ಬಿಡಿ” ಅಂತ ಉತ್ತರ. ಮಾರ್ಕರ್‌ನಲ್ಲಿ ಕಪ್ಪು ಬಳಿದೆವು. ಬೆವರು ಇಳಿದಾಗ ಎಲ್ಲರ ಕಿವಿ ಹಿಂದೆಯೂ ಮಸಿ.

ಕೊನೆಗೆ ರೆಕಾರ್ಡ್ ಮಾಡಿ, ವೇಗ ಅರ್ಧಕ್ಕಿಳಿಸಿ ಕೇಳಿದೆವು. ‘ಕೇಳಲಿಲ್ಲ’ ಯಾವಾಗಲೂ ಒಟ್ಟಿಗೇ ಬರುತ್ತೆ, ‘ಬತ್ತಿತು’ ಯಾಕೆ ಬರಲ್ಲ? ಎರಡರಲ್ಲೂ ಒತ್ತಕ್ಷರ ಇದೆಯಲ್ಲ. ನಾಲ್ಕನೇ ಸಲ ಕೇಳುವಾಗ ಹೊಳೆಯಿತು. ‘ಲ್ಲ’ ಹಿಡಿದಷ್ಟು ಹೊತ್ತೂ ದನಿ ಹರಿಯುತ್ತಿರುತ್ತೆ, ಪಕ್ಕದವರನ್ನು ಕೇಳಿಸಿಕೊಂಡು ಹೊಂದಿಸಿಕೊಳ್ಳಬಹುದು. ‘ತ್ತ’ದಲ್ಲಿ ನಾಲಿಗೆ ಹಲ್ಲಿಗೆ ಒತ್ತಿ ಉಸಿರೇ ಬಂದ್. ಆ ಕ್ಷಣ ಪೂರ್ತಿ ಮೌನ. ಆ ಮೌನದಲ್ಲಿ ಪ್ರತಿಯೊಬ್ಬರದ್ದೂ ಅವರವರದೇ ಗಡಿಯಾರ. ಕಣ್ಣಲ್ಲಿ ಸನ್ನೆ ಮಾಡೋಣ ಅಂದರೆ ಮುಖವಾಡದ ತೂತಿನಿಂದ ಪಕ್ಕದವರು ಕಾಣೋದೇ ಇಲ್ಲ.

ಕಿವಿ, ಕಣ್ಣು ಎರಡೂ ಇಲ್ಲ ಅಂದಮೇಲೆ ಉಳಿದದ್ದು ಭುಜ. ಭುಜಕ್ಕೆ ಭುಜ ತಾಗಿಸಿ ನಿಂತು, ‘ಬ’ ಅಂದಾಗ ಹಿಮ್ಮಡಿ ಒಂದಿಷ್ಟು ಎತ್ತೋದು, ‘ತ್ತಿ’ಗೆ ಸರಿಯಾಗಿ ಇಳಿಸೋದು. ಮೊದಲು ಧಡ್ ಅಂತ, ಆಮೇಲೆ ಮೆತ್ತಗೆ, ಕೊನೆಗೆ ಹೊರಗಿಂದ ಕಾಣದಷ್ಟು. ನಿನ್ನೆ 10 ಸಲದಲ್ಲಿ 8 ಸಲ ಒಂದೇ ಏಟಿಗೆ ಬಿತ್ತು. ಮಿಕ್ಕ ಎರಡು ಸಲ ಯಾರಿಗೋ ನಗು ಬಂತು.

ಮುಂದಿನ ಸಲ ಮುಖವಾಡದ ಸಹವಾಸವೇ ಬೇಡ, ನೆರಳಾಟ ಮಾಡ್ತೀನಿ. ಪರದೆ ಹಿಂದೆ ನಿಂತು ಎಷ್ಟು ಬೇಕಾದರೂ ಒಬ್ಬರಿಗೊಬ್ಬರು ಅಂಟಿಕೊಳ್ಳಲಿ. ಅದಕ್ಕೆ ಚಿಕ್ಕ, ಪ್ರಖರವಾದ ಒಂದೇ ಬೆಳಕು ಬೇಕು. ಇರೋ ಎಲ್‌ಇಡಿ ಪ್ಯಾನೆಲ್ ಹಿಡಿದು ನೋಡಿದೆ. ಬಲ್ಬಿಗೊಂದರಂತೆ ನೆರಳು, ಒಂದು ಕೈಗೆ ಬೆರಳೋ ಬೆರಳು.

ಅದಿರಲಿ. ಎರಡನೇ ಅಂಕ ಇನ್ನೂ ಮುಟ್ಟಿಲ್ಲ. ಅಲ್ಲಿ ಮೇಳಕ್ಕೆ ‘ಕಪ್ಪೆಗಳೂ ಬಿಟ್ಟುಹೋದವು’ ಅಂತ ಒಂದು ಸಾಲಿದೆ. ‘ಪ್ಪ’ ಒಂದು, ‘ಟ್ಟ’ ಒಂದು. ಬರೆದವಳು ನಾನೇ.