ಚಾಪೆಲ್ ದಾರಿಯ ಲೈಟಿನ ಸ್ವಿಚ್ಚು

ಬಿ.ಡಿ., ಅಂದರೆ ಕ್ರೈಸ್ತ ದೇವಶಾಸ್ತ್ರದ ಪದವಿ, ಓದೋಕೆ ನಾನು ಬೆಂಗಳೂರಿಗೆ ಹೊರಟಾಗ ನಮ್ಮವ್ವನಿಗೆ ಒಂಚೂರೂ ಭಯ ಇರಲಿಲ್ಲ. ಇಂಜಿನಿಯರಿಂಗ್ ಓದೋಕೆ ಹೋಗಿದ್ದ ಕಾಕನ ಮಗಳ ಬಗ್ಗೆ ದಿನಾ ಸಂಜೆ ವಿಚಾರಿಸುತ್ತಿದ್ದವಳು ನನಗೆ ಮಾತ್ರ, "ನಿಂದೇನ್ ಬಿಡವಾ, ದೇವರ ಮನಿಯಾಗ ಇರ್ತಿ" ಅಂದಿದ್ದಳು. ಬೆಟಗೇರಿಯ ನಮ್ಮ ಚರ್ಚಿನ ಸಭೆಯ ಹಿರಿಯರೂ ಹಾಗೇ ಅಂದುಕೊಂಡಿದ್ದರು. ಬಾಸೆಲ್ ಮಿಷನ್ ಕಾಲದ ಸಭೆ ನಮ್ಮದು. ಹೆಣ್ಣುಮಗಳೊಬ್ಬಳು ಸಭಾಪಾಲಕಿಯಾಗೋಕೆ ಓದ್ತಾಳೆ ಅನ್ನೋದೇ ಅವರಿಗೆ ದೊಡ್ಡ ಸುದ್ದಿ. ಆಕೆ ರಾತ್ರಿ ಎಲ್ಲಿ ಮಲಗ್ತಾಳೆ, ಆ ಬಾಗಿಲಿಗೆ ಚಿಲಕ ಇದೆಯಾ ಅಂತ ಯಾರೂ ಕೇಳಲಿಲ್ಲ.

ಕಾಲೇಜಿನ ಹೆಸರು ಇಲ್ಲಿ ಬೇಡ. ದೇವಶಾಸ್ತ್ರದ ಪದವಿ ಕೊಡುವ ಸೆರಾಂಪುರ ಸೆನೆಟ್ಟಿಗೆ ಸೇರಿದ್ದು ಅಂದರೆ ಸಾಕು. ಮಿಷನರಿ ವಿಲಿಯಂ ಕೇರಿ ಮತ್ತು ಜೊತೆಯವರು 1818ರಲ್ಲಿ, ಆಗ ಡೆನ್ಮಾರ್ಕಿನ ವಶದಲ್ಲಿದ್ದ ಬಂಗಾಳದ ಸೆರಾಂಪುರದಲ್ಲಿ ಕಾಲೇಜು ಕಟ್ಟಿದರು. 1827ರಲ್ಲಿ ಡೆನ್ಮಾರ್ಕಿನ ರಾಜ ಅದಕ್ಕೆ ಪದವಿ ಕೊಡುವ ಸನ್ನದು ಕೊಟ್ಟ. ಇದನ್ನು ಮೊದಲ ವರ್ಷದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಾರೆ. ನನ್ನ ರೂಮಿನ ಮಿಜೋ ಹುಡುಗಿ, "ಡಿಗ್ರಿಗೆ ರಾಜನ ಸನ್ನದಿದೆ, ನಮ್ಮ ಬಾತ್‌ರೂಮಿಗೆ ಬೋಲ್ಟ್ ಇಲ್ಲ" ಅಂತ ನಗುತ್ತಿದ್ದಳು.

ಹಾಗಂತ ಅಲ್ಲಿ ಖುಷಿ ಇರಲಿಲ್ಲ ಅಂತಲ್ಲ. ಬೆಳಿಗ್ಗೆ ಚಾಪೆಲ್‌ನಲ್ಲಿ ಒಂದು ದಿನ ಮಲಯಾಳಂ ಹಾಡು, ಮರುದಿನ ಆವೊ ನಾಗಾ ಹಾಡು, ನಮ್ಮ ಸರದಿ ಬಂದಾಗ ಕನ್ನಡ ಕೀರ್ತನೆ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ ನಲವತ್ತು ದಿನ ಬಂತೆಂದರೆ ಇಡೀ ಕ್ಯಾಂಪಸ್ಸಿನ ಧಾಟಿಯೇ ಬದಲಾಗುತ್ತಿತ್ತು. ಶುಕ್ರವಾರ ಉಪವಾಸ ಪ್ರಾರ್ಥನೆ. ರಾತ್ರಿ ಊಟ ಬಿಟ್ಟು ಚಾಪೆಲ್‌ನಲ್ಲಿ ಕೂತರೆ ಹೊತ್ತು ಹೋಗಿದ್ದೇ ತಿಳಿಯುತ್ತಿರಲಿಲ್ಲ. ಅಷ್ಟು ಜನ ಒಟ್ಟಿಗೆ ಸುಮ್ಮನೆ ಕೂತಿರೋದು ನಾನು ಬೇರೆ ಎಲ್ಲೂ ಕಂಡಿಲ್ಲ.

ಅಂಥದ್ದೇ ಒಂದು ಶುಕ್ರವಾರ ರಾತ್ರಿ, ಪ್ರಾರ್ಥನೆ ಮುಗಿಸಿ ಹಾಸ್ಟೆಲ್ಲಿಗೆ ಬರುತ್ತಿದ್ದ ನಮ್ಮ ಕ್ಲಾಸಿನ ಇಬ್ಬರು ಹುಡುಗಿಯರಿಗೆ ನೀರಿನ ಟ್ಯಾಂಕ್ ಹಿಂದಿನಿಂದ ಒಬ್ಬ ಅಡ್ಡ ಬಂದ. ಒಬ್ಬಳ ದುಪಟ್ಟಾ ಹಿಡಿದೆಳೆದ. ಅವಳು ಕಿರುಚಿದ ಸದ್ದಿಗೆ ಇಡೀ ಹಾಸ್ಟೆಲ್ ಎದ್ದು ಬಂತು. ಅವನು ಗೋಡೆ ಹಾರಿ ಓಡಿದ್ದ. ಯಾರೋ 112ಕ್ಕೆ ಫೋನ್ ಮಾಡಿದರು, ಪೊಲೀಸರ ಹೊಯ್ಸಳ ಗಾಡಿ ಬಂತು, ಬರೆದುಕೊಂಡು ಹೋದರು. ಆ ಹುಡುಗಿ ಬೆಳಗಿನವರೆಗೂ ನನ್ನ ಮಂಚದ ಮೇಲೆ ಕೂತೇ ಇದ್ದಳು. ಚಹಾ ಕೊಟ್ಟರೆ ಲೋಟ ಹಿಡಿದುಕೊಂಡಳು, ಕುಡಿಯಲಿಲ್ಲ.

ಮಾರನೇ ದಿನ ಮೆಸ್ಸಿನ ಬಾಗಿಲಲ್ಲಿ ನೋಟಿಸ್. ವಿದ್ಯಾರ್ಥಿನಿಯರು ಸಂಜೆ ಏಳರೊಳಗೆ ಹಾಸ್ಟೆಲ್ ಸೇರಬೇಕು. ಚಾಪೆಲ್ಲಿಗೆ ಎಂಟಕ್ಕೆ ಬೀಗ. ಹುಡುಗರಿಗೆ ಮಾತ್ರ ಅವರ ಹಾಸ್ಟೆಲ್ ಹಾಲ್‌ನಲ್ಲೇ ಪ್ರಾರ್ಥನೆ ಮುಂದುವರಿಸಲು ಅನುಮತಿ. ಹಾರಿ ಹೋದವನು ಯಾರೋ, ಒಳಗೆ ಕೂರಬೇಕಾದವರು ನಾವು. ಅಲ್ವಾ?

ಅವತ್ತು ಬೆಳಗಿನ ಆರಾಧನೆಯಲ್ಲಿ ಒಬ್ಬ ಸೀನಿಯರ್ ಬೈಬಲಿನ 127ನೇ ಕೀರ್ತನೆ ತೆಗೆದು ಮಾತಾಡಿದ. ಯೆಹೋವನು ಪಟ್ಟಣ ಕಾಯದಿದ್ದರೆ ಕಾವಲುಗಾರ ಎಚ್ಚರ ಇದ್ದೂ ವ್ಯರ್ಥ ಅನ್ನುವ ಮಾತು ಅಲ್ಲಿದೆ. ಕ್ಯಾಮೆರಾ, ಲೈಟು ಅಂತ ಕೂಗಾಡುವುದು ನಂಬಿಕೆ ಕಡಿಮೆಯಾದದ್ದರ ಗುರುತು ಅಂತ ಅವನ ವಾದ. ಹಿಂದಿನ ಸಾಲಿನಲ್ಲಿದ್ದ ನಮಗೆಲ್ಲ ಮೈ ಉರಿಯಿತು. ಆ ಕೀರ್ತನೆಯಲ್ಲಿ ಕಾವಲುಗಾರನನ್ನು ಕೆಲಸದಿಂದ ತೆಗೆಯಿರಿ ಅಂತ ಎಲ್ಲೂ ಇಲ್ಲವಲ್ಲ!

ಉತ್ತರ ಕೊಟ್ಟಿದ್ದು ನಮಗೆ ಹಳೆಯ ಒಡಂಬಡಿಕೆ ಕಲಿಸುತ್ತಿದ್ದ ಮೇಡಂ. ಕೂಗಾಡುವವರಲ್ಲ ಅವರು. ಕ್ಲಾಸಿಗೆ ಬಂದವರೇ ಧರ್ಮೋಪದೇಶಕಾಂಡದ 22ನೇ ಅಧ್ಯಾಯ, ಎಂಟನೇ ವಚನ ಓದಿಸಿದರು. ಹೊಸ ಮನೆ ಕಟ್ಟಿದರೆ ಮಾಳಿಗೆಯ ಸುತ್ತ ಗೋಡೆ ಕಟ್ಟಿಸಬೇಕು, ಇಲ್ಲದೆ ಯಾರಾದರೂ ಬಿದ್ದು ಸತ್ತರೆ ರಕ್ತದ ದೋಷ ಆ ಮನೆಗೇ ಬರುತ್ತದೆ. "ಇದನ್ನು ಹೇಳಿದ್ದು ಕಾರ್ಪೊರೇಷನ್ನಿನವರಲ್ಲ" ಅಂದರು. ಆಮೇಲೆ ಒಂದೇ ಒಂದು ಹೋಂವರ್ಕ್ ಕೊಟ್ಟರು. "ಇವತ್ತು ರಾತ್ರಿ ಒಂಬತ್ತಕ್ಕೆ ಟಾರ್ಚ್ ತಗೊಂಡು ಬನ್ನಿ. ಹುಡುಗರೂ ಬನ್ನಿ. ಕ್ಯಾಂಪಸ್ ಸುತ್ತೋಣ. ನೋಟಿಸ್ ವಿಚಾರ ನಾನು ನೋಡ್ಕೋತೀನಿ."

ರಾತ್ರಿ ವಾಚ್‌ಮನ್ ಅಣ್ಣನೇ ನಮ್ಮ ಮುಂದೆ ನಡೆದ. ಯಾದಗಿರಿ ಕಡೆಯವನು. ನನ್ನ ಮಾತು ಕೇಳಿ ಗದುಗಿನ ಕಡೆಯವಳು ಅಂತ ಗೊತ್ತಾದ ಮೇಲೆ ನನ್ನ ಹತ್ತಿರವೇ ಜಾಸ್ತಿ ಮಾತು. ಚಾಪೆಲ್ ದಾರಿಯಲ್ಲಿ ಎರಡು ಲೈಟ್ ಕಂಬ ಇದ್ದವು, ಎರಡೂ ಕತ್ತಲೆ. ಬಲ್ಬ್ ಹೋಗಿದೆ ಅಂತಲೇ ನಾವೆಲ್ಲ ತಿಳಿದಿದ್ದೆವು. ಅಣ್ಣ ತಲೆ ಅಲ್ಲಾಡಿಸಿದ. "ಬಲ್ಬ್ ಛಲೋ ಅದಾವ್ರೀ ಅಕ್ಕಾರ. ಸ್ವಿಚ್ ಆಫೀಸಿನ ಒಳಗ ಐತಿ. ಐದಕ್ಕ ಆಫೀಸಿಗೆ ಕೀಲಿ ಹಾಕ್ಕೊಂಡು ಹೋಗ್ತಾರ." ಹಗಲು ಹೊತ್ತಿನಲ್ಲಿ ಮಾತ್ರ ಹಚ್ಚಬಹುದಾದ ಬೀದಿ ದೀಪ! ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಹಿಂದಿನ ಗೋಡೆಯ ಹತ್ತಿರ ಪಕ್ಕದ ಸೈಟಿನವರು ಕಟ್ಟಡಕ್ಕೆ ತಂದ ಸಿಮೆಂಟ್ ಇಟ್ಟಿಗೆಗಳನ್ನು ಒಟ್ಟಿದ್ದರು. ಹತ್ತಿ ಬರೋಕೆ ಮೆಟ್ಟಿಲು ಕಟ್ಟಿಕೊಟ್ಟ ಹಾಗಿತ್ತು. ಮೇಡಂ ಟಾರ್ಚ್ ಬಿಟ್ಟು ನೋಡಿದರು. ಗೋಡೆಯ ಮೇಲಿನ ಗಾಜಿನ ಚೂರು ಅಷ್ಟಗಲ ಜಾಗದಲ್ಲಿ ಉದುರಿ ಹೋಗಿತ್ತು. "ಇದನ್ನ ಯಾರಿಗಾದ್ರೂ ಹೇಳಿದ್ದೀರಾ?" ಅಂತ ಅವರು ಕೇಳಿದ್ದಕ್ಕೆ ಅಣ್ಣ, "ಕೇಳಿದ್ರ ಹೇಳ್ತಿದ್ದೆ ಮೇಡಮ್ಮಾರ. ನಾ ಒಬ್ಬಾವ. ಮುಂದಿನ ಗೇಟ್ ಕಾಯ್ಲೋ, ಹಿಂದಿನ ಗ್ವಾಡಿ ಕಾಯ್ಲೋ?" ಅಂದ. ಬೆಳಿಗ್ಗೆ ಉಪದೇಶ ಮಾಡಿದ ಸೀನಿಯರ್ ಕೂಡ ಅಲ್ಲೇ ಇದ್ದ. ಏನೂ ಮಾತಾಡಲಿಲ್ಲ, ಇಟ್ಟಿಗೆ ಪಕ್ಕಕ್ಕೆ ಎಳೆಯೋಕೆ ಕೈ ಹಾಕಿದ.

ಹುಡುಗರ ಹಾಸ್ಟೆಲ್ ಮಾಳಿಗೆಗೂ ಹೋದೆವು. ನಸುಕಿನಲ್ಲಿ ಅವರು ಅಲ್ಲಿ ಕಣ್ಣು ಮುಚ್ಚಿಕೊಂಡು ಓಡಾಡುತ್ತಾ ಪ್ರಾರ್ಥನೆ ಮಾಡುತ್ತಾರೆ. ಸುತ್ತಲಿನ ಗೋಡೆ ನನ್ನ ಮೊಣಕಾಲಿಗೆ ಬರುತ್ತಿತ್ತು, ಅಷ್ಟೇ. ಬೆಳಿಗ್ಗೆ ಓದಿದ ವಚನ ನೆನಪಾಗಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೇಡಮ್ಮಿಗೆ ಈ ಮಾಳಿಗೆ ವಿಚಾರ ಮೊದಲೇ ಗೊತ್ತಿತ್ತಾ ಅಂತ ನನಗೆ ಇವತ್ತಿಗೂ ಅನುಮಾನ.

ಪಟ್ಟಿ ಮಾಡಿ ಆಫೀಸಿಗೆ ಕೊಟ್ಟೆವು. ನೋಡೋಣ ಅಂದರು. ಹಾಗೆ ಅಂದ ಮೇಲೆ ಏನಾಗುತ್ತೆ ಅಂತ ಗೊತ್ತಲ್ಲ, ಏನೂ ಆಗಲಿಲ್ಲ.

ಅಷ್ಟರಲ್ಲಿ ಶುಭ ಶುಕ್ರವಾರದ ಹಿಂದಿನ ರಾತ್ರಿ ಬಂತು. ಗೆತ್ಸೇಮನೆ ತೋಟದಲ್ಲಿ ಯೇಸು ಶಿಷ್ಯರಿಗೆ ನನ್ನ ಜೊತೆ ಎಚ್ಚರವಾಗಿರಿ ಅಂದ ರಾತ್ರಿ ಅದು. ಆ ಒಂದು ರಾತ್ರಿ ಮಟ್ಟಿಗೆ ಎಲ್ಲರಿಗೂ ಚಾಪೆಲ್ ತೆರೆದಿದ್ದರು. ಮಧ್ಯಸ್ಥಿಕೆಯ ಪ್ರಾರ್ಥನೆ ನಡೆಸುವ ಸರದಿ ಮೇಡಮ್ಮಿನದು. ಸಭೆಗಾಗಿ, ದೇಶಕ್ಕಾಗಿ, ರೋಗಿಗಳಿಗಾಗಿ ಪ್ರಾರ್ಥಿಸಿದರು. ಆಮೇಲೆ ಅದೇ ದನಿಯಲ್ಲಿ, ಬೀಗ ಹಾಕಿದ ಕೋಣೆಯೊಳಗಿರುವ ಸ್ವಿಚ್ಚಿಗಾಗಿ, ಹಿಂದಿನ ಗೋಡೆಗಾಗಿ, ಮೊಣಕಾಲೆತ್ತರದ ಮಾಳಿಗೆ ಗೋಡೆಗಾಗಿ, ಒಬ್ಬನೇ ಎರಡು ಕಡೆ ಕಾಯುವ ಕಾವಲುಗಾರನಿಗಾಗಿ, ಚಿಲಕವಿಲ್ಲದ ಬಾಗಿಲಿಗಾಗಿ ಅಂತ ನಮ್ಮ ಪಟ್ಟಿಯನ್ನು ಒಂದೊಂದಾಗಿ ಓದಿದರು. ಪ್ರತಿಯೊಂದಕ್ಕೂ ನಾವು "ಕರ್ತನೇ, ನಮ್ಮ ಮೊರೆ ಕೇಳು" ಅನ್ನಬೇಕು. ಮೊದಲು ಯಾರೋ ಕಿಸಕ್ಕನೆ ನಕ್ಕರು. ಮೂರನೆಯದಕ್ಕೆ ನಗು ನಿಂತಿತು. ಪ್ರಿನ್ಸಿಪಾಲರು ಮೊದಲ ಸಾಲಿನಲ್ಲೇ ಕೂತಿದ್ದರು. ಅವರೂ ಹೇಳಲೇಬೇಕಾಯಿತು. ದುಪಟ್ಟಾ ಎಳೆಸಿಕೊಂಡ ಹುಡುಗಿ ನನ್ನ ಪಕ್ಕದಲ್ಲಿದ್ದಳು, ಎಲ್ಲರಿಗಿಂತ ಜೋರಾಗಿ ಹೇಳಿದಳು.

ಈಸ್ಟರ್ ಮುಗಿದ ವಾರ ಎಲೆಕ್ಟ್ರಿಷಿಯನ್ ಬಂದು ಸ್ವಿಚ್ಚನ್ನು ಹೊರಗಿನ ಗೋಡೆಗೆ ತಂದ. ಗೋಡೆಗೆ ಗಾರೆ, ಮಾಳಿಗೆಗೆ ಕಬ್ಬಿಣದ ಕಂಬಿ, ರಾತ್ರಿಗೆ ಇನ್ನೊಬ್ಬ ವಾಚ್‌ಮನ್. ಇದೆಲ್ಲಕ್ಕೆ ಹಣ ಮೊದಲೇ ಇತ್ತು ಅನ್ನೋದು ಆಮೇಲೆ ತಿಳಿಯಿತು. ಕಷ್ಟವಾಗಿದ್ದು ಸಮಿತಿ. 2013ರ ಕಾನೂನಿನ ಪ್ರಕಾರ ಲೈಂಗಿಕ ಕಿರುಕುಳದ ದೂರು ಕೇಳೋಕೆ ಒಂದು ಆಂತರಿಕ ಸಮಿತಿ ಇರಬೇಕು. ಅದಕ್ಕೆ ಮಹಿಳೆಯೇ ಅಧ್ಯಕ್ಷೆ, ಸದಸ್ಯರಲ್ಲಿ ಅರ್ಧಕ್ಕಾದರೂ ಮಹಿಳೆಯರು, ಹೊರಗಿನವರೊಬ್ಬರು. ಗೋಡೆ ಹಾರಿ ಬಂದವನ ವಿಷಯಕ್ಕೆ ಪೊಲೀಸರಿದ್ದಾರೆ. ಒಳಗಿನವರೇ, ಅದೂ ಬೈಬಲ್ ಹಿಡಿದವರೇ ಕಿರುಕುಳ ಕೊಟ್ಟರೆ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆ ಬಂದಾಗ ಕೆಲವರಿಗೆ ಮುಜುಗರವಾಯಿತು. "ನಮ್ಮದು ಒಂದು ಕುಟುಂಬ, ಇಲ್ಲಿ ಹೊರಗಿನವರು ಯಾಕೆ" ಅಂದರು. ಕುಟುಂಬದಲ್ಲಿ ಏನೂ ಆಗೋದಿಲ್ಲ ಅಂತ ಯಾವ ಹೆಣ್ಣುಮಗಳೂ ನಂಬೋದಿಲ್ಲ. ನಾನು ಕೋರ್ಸ್ ಮುಗಿಸುವ ಹೊತ್ತಿಗೆ ಸಮಿತಿಯವರ ಹೆಸರು, ಫೋನ್ ನಂಬರ್ ಮೆಸ್ಸಿನ ಗೋಡೆ ಮೇಲೆ ಬಂದಿತ್ತು.

2013ರಲ್ಲೇ ನಂದ್ಯಾಲದಲ್ಲಿ ಪುಷ್ಪಲಲಿತಾ ಅವರು ದಕ್ಷಿಣ ಭಾರತ ಸಭೆಯ, ಅಂದರೆ ಸಿ.ಎಸ್.ಐ.ನ, ಮೊದಲ ಮಹಿಳಾ ಬಿಷಪ್ ಆದರು. ಅವರ ಫೋಟೊ ನಮ್ಮ ಹಾಸ್ಟೆಲ್ಲಿನ ಮುಂಬಾಗಿಲ ಪಕ್ಕದಲ್ಲೇ ಇತ್ತು. ಅದರ ಕೆಳಗೆ ಗೇಟ್ ಮುಚ್ಚುವ ಸಮಯದ ಬೋರ್ಡು. ಏಳು ಗಂಟೆ ಅನ್ನೋದು ಒಂಬತ್ತಾಯಿತು. ಹುಡುಗರಿಗೆ ಮಾತ್ರ ಹನ್ನೊಂದು. ಈಗಿನ ಹುಡುಗಿಯರು ಅದನ್ನೂ ಸರಿ ಮಾಡಿಸಬೇಕು ಅಂತ ಅರ್ಜಿ ಬರೆದು ಹಳೆಯ ವಿದ್ಯಾರ್ಥಿನಿಯರಿಗೆಲ್ಲ ಕಳಿಸಿದ್ದಾರೆ. ಹೋದ ವಾರ ಸಹಿ ಹಾಕಿ ಕಳಿಸಿದೆ. ನಮ್ಮವ್ವನೂ ಹಾಕುತ್ತೇನೆ ಅಂದಳು, ಹಾಕಿಸಿದೆ.